ಪದ್ಮನಾಭನಗರದ ಹಜಾರಕ್ಕೆ ಎಷ್ಟು ದೊಡ್ಡ ಟೀವಿ?

ಬನಶಂಕರಿ ದೇವಸ್ಥಾನದ ಬಳಿ ಬಸ್ಸಿಳಿದು ರಿಂಗ್ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟರೆ ಮೊದಲು ಸಿಗುವುದು ಕದಿರೇನಹಳ್ಳಿಯ ಅಂಡರ್‌ಪಾಸ್, ಅನಂತರ ದೇವೇಗೌಡ ಪೆಟ್ರೋಲ್ ಬಂಕ್. ಈ ಬಂಕು ಬಸ್ ನಿಲ್ದಾಣವೂ ಹೌದು, ವಿಳಾಸ ಹೇಳುವವರಿಗೆ ಗುರುತೂ ಹೌದು. ಅಲ್ಲಿಂದ ಒಳಕ್ಕೆ ತಿರುಗಿದರೆ ಪದ್ಮನಾಭನಗರ. ಊರಿನ ಬೇರೆ ಭಾಗದವರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು ಇಲ್ಲಿ ಮನೆಯುಳ್ಳ ಎಚ್.ಡಿ. ದೇವೇಗೌಡರು. ಅವರು 1996ರ ಜೂನ್ 1ರಂದು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ ಬೆಂಗಳೂರಿನ ಮನೆಮನೆಗಳಲ್ಲಿ ಅದನ್ನು ತೋರಿಸಿದ್ದು ಹಿಂಬದಿ ಉಬ್ಬಿದ, ಇಬ್ಬರು ಹಿಡಿದು ಎತ್ತಬೇಕಾದ ಡಬ್ಬಿ ಟೀವಿಗಳು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಮರುವರ್ಷವೇ ದೆಹಲಿಯ ಏಷ್ಯನ್ ಕ್ರೀಡಾಕೂಟದ ನೆಪದಲ್ಲಿ ದೇಶಕ್ಕೆ ಬಣ್ಣ ಬಂತು. ಆ ಕಾಲದ ಕಪ್ಪು ಬಿಳುಪು ಟೀವಿಗಳಿಗೆ ಬೇಕಾದ ಪಿಕ್ಚರ್ ಟ್ಯೂಬುಗಳನ್ನು ನಮ್ಮ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯೇ ತಯಾರಿಸುತ್ತಿತ್ತು ಎಂಬುದನ್ನು ಇಂದಿನ ಮಕ್ಕಳು ನಂಬುವುದು ಕಷ್ಟ.

ಬಡಾವಣೆಯ ಒಳರಸ್ತೆಗಳಲ್ಲಿ ಈಗಲೂ ಹೊಂಗೆ ಮರದ ನೆರಳಿದೆ, ಬೆಳಿಗ್ಗೆ ರಂಗೋಲಿಯಿದೆ. ಮೂವತ್ತು ನಲವತ್ತರ ಸೈಟುಗಳಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಕೆಲವೆಡೆ ಅದೇ ಅಳತೆಯ ಸೈಟಿನಲ್ಲಿ ನಾಲ್ಕು ಸಂಸಾರಗಳು. ಹೊರಗಿನಿಂದ ಕಟ್ಟಡ ಎಷ್ಟೇ ಎತ್ತರವಿರಲಿ, ಒಳಗಿನ ಹಜಾರ ಹತ್ತಡಿಗೆ ಹನ್ನೆರಡಡಿ ಇದ್ದರೆ ಪುಣ್ಯ. ಟೀವಿ ಕೊಳ್ಳುವವರ ಕಥೆ ಶುರುವಾಗಬೇಕಾದದ್ದು ಈ ಹತ್ತಡಿಯಿಂದ. ಆದರೆ ಸಾಮಾನ್ಯವಾಗಿ ಅದು ಶುರುವಾಗುವುದು ಕತ್ರಿಗುಪ್ಪೆಯ ಅಂಗಡಿಯ ಗಾಜಿನ ಬಾಗಿಲಿನಿಂದ.

2025ರ ದೀಪಾವಳಿಗೆ ಮುನ್ನ ಇಂಥ ಬಾಗಿಲುಗಳ ಮುಂದೆ ಎಂದಿಗಿಂತ ಹೆಚ್ಚು ಜನ. ಅದಕ್ಕೆ ಕಾರಣವೂ ಇತ್ತು. ಆ ವರ್ಷದ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ‘ಹತ್ತು ಪರ್ಸೆಂಟ್ ಕಡಿಮೆ’ ಎಂಬ ಮಾತು ಎಲ್ಲೆಡೆ ಹರಡಿತು. ಎಂಟನೇ ತರಗತಿಯ ಲೆಕ್ಕ ಬಲ್ಲ ವಿದ್ಯಾರ್ಥಿ ಇಲ್ಲಿ ಕೈ ಎತ್ತಬೇಕು. ತೆರಿಗೆಯಿಲ್ಲದ ಬೆಲೆ 20,000 ರೂಪಾಯಿ ಇದ್ದರೆ ಹಿಂದಿನ ಬೆಲೆ 25,600, ಈಗಿನದು 23,600. ಉಳಿದದ್ದು ಎರಡು ಸಾವಿರ. ಅದು 25,600ರಲ್ಲಿ ನೂರಕ್ಕೆ ಎಂಟೂ ಇಲ್ಲ. ಇನ್ನು 32 ಇಂಚಿನವರೆಗಿನ ಟೀವಿಗಳಿಗೆ 2019ರ ಜನವರಿಯಿಂದಲೇ ಶೇ 18 ಇದ್ದುದರಿಂದ ಅವುಗಳಲ್ಲಿ ಇಳಿಯುವುದಕ್ಕೆ ಏನೂ ಇರಲಿಲ್ಲ. ಇದನ್ನು ಅಂಗಡಿಯ ಬ್ಯಾನರ್ ಹೇಳುವುದಿಲ್ಲ.

ಪದ್ಮನಾಭನಗರದ ಒಂದು ಮೊದಲ ಮಹಡಿಯ ಬಾಡಿಗೆ ಮನೆ. ಇಂಥ ಮನೆಗಳು ಆ ಬೀದಿಯಲ್ಲೇ ಹತ್ತಾರು ಸಿಗುತ್ತವೆ. ತಂದೆ ಖಾಸಗಿ ಕಾರ್ಖಾನೆಯೊಂದರ ಸ್ಟೋರ್ಸ್ ಗುಮಾಸ್ತರು. ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮಗಳು ದ್ವಿತೀಯ ಪಿಯುಸಿ ವಿಜ್ಞಾನ, ಮಗ ಎಂಟನೇ ತರಗತಿ. ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿ ಕೆಲವು ವರ್ಷಗಳಾಗಿವೆ. ಮೂಲೆಯಲ್ಲಿದ್ದ 21 ಇಂಚಿನ ಹಳೆಯ ಟೀವಿಯಲ್ಲಿ ಬಣ್ಣಗಳೆಲ್ಲ ಹಸಿರಿಗೆ ತಿರುಗಿದಾಗ ಹೊಸದು ಕೊಳ್ಳುವ ಮಾತು ಬಂತು. ಕೈಯಲ್ಲಿದ್ದದ್ದು ತಾಯಿ ಎತ್ತಿದ ಚೀಟಿಯ 25,000 ರೂಪಾಯಿ. ಅದಕ್ಕೊಂದು ಷರತ್ತೂ ಇತ್ತು: ಟೀವಿಗೆ ಕೊಟ್ಟು ಉಳಿದದ್ದು ಮಗಳ ಸಿಇಟಿ ಪುಸ್ತಕಗಳಿಗೆ. ಅಂದರೆ ಟೀವಿಯ ಮೇಲೆ ಹೆಚ್ಚಾಗಿ ಖರ್ಚಾಗುವ ಪ್ರತಿ ಸಾವಿರವೂ ಭೌತಶಾಸ್ತ್ರದ ಪುಸ್ತಕದಿಂದ ಕತ್ತರಿಸಿದ್ದು. ಮಗಳು ಲೆಕ್ಕದಲ್ಲಿ ಹುಷಾರಾಗಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಮೊದಲು ಹೋದದ್ದು ಕತ್ರಿಗುಪ್ಪೆಗೆ. ಸಾಲಾಗಿ ಮೂವತ್ತು ಪರದೆಗಳು, ಎಲ್ಲದರಲ್ಲೂ ಒಂದೇ ಗಿಳಿ, ಒಂದೇ ಹವಳದ ದಂಡೆ. ಹಬ್ಬದ ಟೀಷರ್ಟ್ ತೊಟ್ಟ ಹುಡುಗ ಬಂದ.

“ಬನ್ನಿ ಸರ್, ಬನ್ನಿ ಮೇಡಂ. ನಲವತ್ಮೂರು ಇಂಚು ತಾನೆ? ಫುಲ್ ಎಚ್‌ಡಿ ಇಪ್ಪತ್ತೊಂದೂವರೆ. ನಾಲ್ಕು ಸಾವಿರ ಜಾಸ್ತಿ ಹಾಕಿದ್ರೆ ಫೋರ್‌ಕೆ ಬಂದ್ಬಿಡುತ್ತೆ. ಈಗ ಯಾರು ಸರ್ ಫುಲ್ ಎಚ್‌ಡಿ ತಗೋತಾರೆ?”

ತಂದೆ ತಲೆ ಕೆರೆದುಕೊಂಡರು. ಮಗಳು ಕೇಳಿದಳು, “ಅಣ್ಣಾ, ಈ ಗಿಳಿ ಬಿಟ್ಟು ನಮ್ಮನೇಲಿ ಬರೋ ಕನ್ನಡ ಚಾನೆಲ್ ಯಾವುದಾದ್ರೂ ಹಾಕ್ತೀರಾ?”

“ಡೆಮೊ ಇದ್ರಲ್ಲೇ ನೋಡ್ಬೇಕಮ್ಮಾ.”

ಹುಡುಗನದು ತಪ್ಪಲ್ಲ, ಅವನ ಕೆಲಸವೇ ಅದು. ಆದರೆ ಗಿಳಿಯ ಚಿತ್ರವನ್ನು ಆ ಪರದೆಗೆಂದೇ ತೆಗೆದಿರುತ್ತಾರೆ. ಟೀವಿಯನ್ನು ಅಂಗಡಿಯ ದೀಪಗಳಿಗೆ ಹೊಂದುವಂತೆ ಅತಿ ಬೆಳಕಿನ, ಅತಿ ಬಣ್ಣದ ಸ್ಥಿತಿಯಲ್ಲಿಟ್ಟಿರುತ್ತಾರೆ. ಮನೆಗೆ ಬರುವ ಚಿತ್ರದ ಜಾತಕವೇ ಬೇರೆ. ನಮ್ಮ ಡಿಟಿಎಚ್ ಡಬ್ಬಿಯ ಸಾಮಾನ್ಯ ಚಾನೆಲ್ಲಿನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು, ಗುಣಿಸಿದರೆ 4,14,720. ಫುಲ್ ಎಚ್‌ಡಿ ಪರದೆಯಲ್ಲಿ 1920ಕ್ಕೆ 1080, ಅಂದರೆ 20,73,600. ಸರಿಯಾಗಿ ಐದು ಪಟ್ಟು. ಫೋರ್‌ಕೆ ಪರದೆಯಲ್ಲಿ 3840ಕ್ಕೆ 2160, ಅಂದರೆ 82,94,400. ಸರಿಯಾಗಿ ಇಪ್ಪತ್ತು ಪಟ್ಟು. ಹೀಗಾಗಿ ಸಾಮಾನ್ಯ ಚಾನೆಲ್ಲಿನ ಧಾರಾವಾಹಿಯನ್ನು ಫೋರ್‌ಕೆ ಟೀವಿಯಲ್ಲಿ ಹಾಕಿದಾಗ ಇಪ್ಪತ್ತರಲ್ಲಿ ಹತ್ತೊಂಬತ್ತು ಚುಕ್ಕಿಗಳನ್ನು ಟೀವಿಯೊಳಗಿನ ಚಿಪ್ಪು ಅಕ್ಕಪಕ್ಕ ನೋಡಿ ಅಂದಾಜಿನಿಂದ ತುಂಬುತ್ತದೆ. ಎಚ್‌ಡಿ ಚಾನೆಲ್ ಹಾಕಿಸಿಕೊಂಡರೂ ನಾಲ್ಕರಲ್ಲಿ ಮೂರು ಅಂದಾಜೇ. ನಿಜವಾದ ಫೋರ್‌ಕೆ ಬರುವುದು ಬಹುತೇಕ ಇಂಟರ್ನೆಟ್ ಮೂಲಕ. ಅದಕ್ಕೆ ಸೆಕೆಂಡಿಗೆ ಹದಿನೈದು ಮೆಗಾಬಿಟ್ಟಿಗಿಂತ ಕಡಿಮೆಯಿಲ್ಲದ ಸಂಪರ್ಕ ಬೇಕು, ಹೆಚ್ಚಿನ ದರದ ಚಂದಾ ಬೇಕು. ಆ ಮನೆಯಲ್ಲಿದ್ದದ್ದು ಫೋನಿನ ಡೇಟಾ ಅಷ್ಟೆ.

ಸಿಕ್ಕ ಚುಕ್ಕಿಗಳನ್ನಾದರೂ ಕಣ್ಣು ಕಾಣುತ್ತದೆಯೆ? ಮಗಳು ಅಮ್ಮನ ಹೊಲಿಗೆ ಟೇಪು ಎತ್ತಿಕೊಂಡದ್ದು ಅಂದು ರಾತ್ರಿ. ಹೊಲಿಗೆ ಟೇಪಿನ ಒಂದು ಬದಿಗೆ 60 ಇಂಚು, ಇನ್ನೊಂದು ಬದಿಗೆ 150 ಸೆಂಟಿಮೀಟರ್. ಬಾಯಲ್ಲಿ ಇಂಚು ಹೇಳಿ ಡಬ್ಬದ ಮೇಲೆ ಸೆಂಟಿಮೀಟರ್ ಅಚ್ಚು ಹಾಕುವ ಟೀವಿ ವ್ಯಾಪಾರಕ್ಕೆ ಇದಕ್ಕಿಂತ ತಕ್ಕ ಸಾಧನವಿಲ್ಲ. ಸೋಫಾದಲ್ಲಿ ಕೂತವರ ಕಣ್ಣಿನಿಂದ ಎದುರಿನ ಗೋಡೆಗೆ ಎಂಟು ಅಡಿ, ಅಂದರೆ ಸುಮಾರು 244 ಸೆಂಟಿಮೀಟರ್.

ಕಣ್ಣಾಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಎಲ್ಲರೂ ನೋಡಿರುತ್ತಾರೆ. ಆರು ಮೀಟರಿನಿಂದ 6/6 ಸಾಲು ಓದಿದವರ ದೃಷ್ಟಿ ಸರಿಯಿದೆ ಎನ್ನುತ್ತಾರೆ. ಆ ಸಾಲಿನ ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್, ಅಕ್ಷರದ ಒಂದೊಂದು ಗೆರೆ ಕಣ್ಣಿನಲ್ಲಿ ಮಾಡುವ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, ಅಂದರೆ ಒಂದು ಕಲೆ. ಅದಕ್ಕಿಂತ ಸಣ್ಣ ಕೋನದಲ್ಲಿರುವ ಎರಡು ಚುಕ್ಕಿಗಳನ್ನು ಸಾಧಾರಣ ಕಣ್ಣು ಬೇರೆಬೇರೆಯಾಗಿ ಕಾಣದು. ಎಂಟು ಅಡಿ ದೂರದಲ್ಲಿ ಒಂದು ಕಲೆ ಎಂದರೆ 0.7 ಮಿಲಿಮೀಟರ್. ಈಗ 43 ಇಂಚಿನ ಟೀವಿ. ಆ 43 ಇಂಚು ಮೂಲೆಯಿಂದ ಮೂಲೆಗೆ. ಅಗಲ ಸುಮಾರು 95 ಸೆಂಟಿಮೀಟರ್, ಎತ್ತರ 53ರ ಮೇಲೆ. ತೊಂಬತ್ತೈದನ್ನು 1920 ಚುಕ್ಕಿಗಳಿಗೆ ಹಂಚಿದರೆ ಒಂದೊಂದಕ್ಕೆ ಅರ್ಧ ಮಿಲಿಮೀಟರ್. ಕಣ್ಣಿನ ಮಿತಿ 0.7, ಚುಕ್ಕಿ ಆಗಲೇ 0.5. ಫೋರ್‌ಕೆ ಆದರೆ ಚುಕ್ಕಿ ಕಾಲು ಮಿಲಿಮೀಟರ್. ಕಾಣದ ಚುಕ್ಕಿಯನ್ನು ನಾಲ್ಕಾಗಿ ಸೀಳಿ ಅದಕ್ಕೆ ನಾಲ್ಕು ಸಾವಿರ ರೂಪಾಯಿ! ಈ ಟೀವಿಯಲ್ಲಿ ಫುಲ್ ಎಚ್‌ಡಿಗೂ ಫೋರ್‌ಕೆಗೂ ವ್ಯತ್ಯಾಸ ಕಾಣಬೇಕಾದರೆ ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. ಅಂಗಡಿಯಲ್ಲಿ ನಾವು ನಿಲ್ಲುವುದು ಮೂರಡಿ ದೂರದಲ್ಲಿ.

ಹಾಗೆಂದು ಫೋರ್‌ಕೆ ಮೋಸವೆಂದು ತಿಳಿಯಬಾರದು. ಐವತ್ತು ಇಂಚು ದಾಟಿದರೆ ಸಿಗುವುದೆಲ್ಲ ಬಹುತೇಕ ಅದೇ. ಮನೆಯಲ್ಲಿ ಒಳ್ಳೆಯ ಇಂಟರ್ನೆಟ್ ಇದ್ದು ಹತ್ತಿರ ಕೂತು ಸಿನಿಮಾ ನೋಡುವವರಿಗೆ ಅದು ಸರಿಯೇ. ಬೆಲೆಯ ವ್ಯತ್ಯಾಸ ಐನೂರು, ಸಾವಿರ ಇದ್ದಾಗ ಯೋಚಿಸುವುದೂ ಬೇಡ. ಎಂಟಡಿಯ ಹಜಾರ, ಡಿಟಿಎಚ್ ಡಬ್ಬಿ ಮತ್ತು ಚೀಟಿಯ ಹಣ ಮೂರೂ ಒಟ್ಟಿಗೆ ಇರುವ ಕಡೆ ಮಾತ್ರ ಈ ತಕರಾರು.

ಇನ್ನು ಗಾತ್ರ. ಇಲ್ಲಿ ಲೆಕ್ಕ ಬೇರೆ ದಿಕ್ಕಿಗೆ ತಿರುಗುತ್ತದೆ. ‘ದೊಡ್ಡ ಟೀವಿ ಕಣ್ಣಿಗೆ ಹಾಳು, 32 ಇಂಚು ಸಾಕು’ ಎಂಬುದು ತಂದೆಯ ಅಭಿಪ್ರಾಯವಾಗಿತ್ತು. ಚಿತ್ರ ಕಣ್ಣಿನಲ್ಲಿ ತುಂಬುವ ಕೋನವನ್ನು ನೋಡಿದರೆ, ಎಂಟು ಅಡಿಯಿಂದ ಹಳೆಯ 21 ಇಂಚಿನ ಟೀವಿ ಹತ್ತು ಡಿಗ್ರಿ, 32 ಇಂಚಿನದು ಹದಿನಾರೂವರೆ, 43 ಇಂಚಿನದು ಇಪ್ಪತ್ತೆರಡು. ಸಿನಿಮಾ ನೋಡುವುದಕ್ಕೆ ಮೂವತ್ತು ಡಿಗ್ರಿ ಬೇಕೆಂದು ತಿಳಿದವರು ಹೇಳುತ್ತಾರೆ. ಅದಕ್ಕೆ ಅರವತ್ತು ಇಂಚಿನ ಹತ್ತಿರದ ಟೀವಿ ಬೇಕು. ಆದ್ದರಿಂದ 43 ಇಂಚು ಈ ಹಜಾರಕ್ಕೆ ಅತಿ ಎನ್ನುವಂತಿಲ್ಲ. ಕಣ್ಣಿಗೆ ಆಯಾಸ ತರುವುದು ಕತ್ತಲ ಕೋಣೆಯಲ್ಲಿ ಅತಿಯಾದ ಬೆಳಕು, ರೆಪ್ಪೆ ಬಡಿಯದೆ ಗಂಟೆಗಟ್ಟಲೆ ನೋಡುವುದು. ಟೀವಿಯ ಹಿಂದೆ ಒಂದು ಸಣ್ಣ ದೀಪ ಉರಿಯುತ್ತಿರಲಿ.

ಗಾತ್ರ ತೀರ್ಮಾನವಾದದ್ದು ಅಜ್ಜಿಯಿಂದ. ಅಜ್ಜಿಗೆ ಸುದ್ದಿ ಬೇಕು, ಅದೂ ಕೆಳಗೆ ಹರಿಯುವ ಅಕ್ಷರಗಳ ಸುದ್ದಿ. ಕಾಣದೆಂದು ಬೆತ್ತದ ಕುರ್ಚಿಯನ್ನು ಟೀವಿಯ ಮುಂದಕ್ಕೆ, ನಾಲ್ಕಡಿಗೆ ಎಳೆದುಕೊಂಡು ಕೂರುತ್ತಿದ್ದರು. ಹಿಂದೆ ಕೂತ ಮೊಮ್ಮಕ್ಕಳಿಗೆ ಕಾಣುವುದು ಅಜ್ಜಿಯ ತುರುಬು ಮಾತ್ರ. ಸಣ್ಣ ಚುಕ್ಕಿಯನ್ನು ಗುರುತಿಸಬಲ್ಲ ಎಳೆಯ ಕಣ್ಣುಗಳು ದೂರದಲ್ಲಿ, ಗುರುತಿಸಲಾರದ ಕಣ್ಣುಗಳು ಹತ್ತಿರದಲ್ಲಿ. ಅವರ ದೃಷ್ಟಿ 6/12 ಎಂದು ಹಳೆಯ ಚೀಟಿಯಲ್ಲಿತ್ತು. ಅಂಥವರಿಗೆ ಎಂಟು ಅಡಿಯಿಂದ ಓದಲು ಅಕ್ಷರ ಕನಿಷ್ಠ 7 ಮಿಲಿಮೀಟರ್ ಎತ್ತರವಿರಬೇಕು. ನಿರಾಯಾಸವಾಗಿ ಓದಲು ಅದರ ಎರಡು ಪಟ್ಟಿಗಿಂತ ಹೆಚ್ಚು. ಹರಿಯುವ ಅಕ್ಷರ ಪರದೆಯ ಎತ್ತರದ ಮೂವತ್ತರಲ್ಲೊಂದು ಭಾಗವೆಂದಿಟ್ಟುಕೊಂಡರೆ 32 ಇಂಚಿನಲ್ಲಿ ಅದು 13 ಮಿಲಿಮೀಟರ್, 43ರಲ್ಲಿ 18.

“ಅತ್ತೆ, ಟೀವಿಗೆ ಮುಂಚೆ ನಿಮ್ಮ ಕನ್ನಡಕ ತೋರಿಸೋಣ. ಅದು ಬದಲಾಯಿಸಿ ನಾಲ್ಕು ವರ್ಷ ಆಯ್ತು,” ಎಂದರು ತಾಯಿ.

“ಇರೋ ದುಡ್ಡಿಗೆ ಇನ್ನೊಂದು ತೂತು ಯಾಕೆ ತೆಗೀತೀಯ? ಮಗು ಪುಸ್ತಕಕ್ಕೆ ಇರ್ಲಿ,” ಎಂದರು ಅಜ್ಜಿ.

ಆದರೂ ಹೋದರು. ಚಾಮರಾಜಪೇಟೆಯ ಮಿಂಟೊ ಕಣ್ಣಾಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತು ಪರೀಕ್ಷೆ ಮಾಡಿಸಿದ್ದಾಯಿತು. ಹತ್ತಿರದ ದೃಷ್ಟಿಯ ನಂಬರಿಗಿಂತ ದೂರದ ನಂಬರು ಹೆಚ್ಚು ಬದಲಾಗಿತ್ತು. ಟೀವಿ ಬೇಕೆನ್ನುವ ಎಷ್ಟೋ ಮನೆಗಳಲ್ಲಿ ಮೊದಲು ಬೇಕಾದದ್ದು ಕನ್ನಡಕವೇನೋ.

ಆಸ್ಪತ್ರೆಯಿಂದ ಎಸ್.ಪಿ. ರಸ್ತೆ ದೂರವಿಲ್ಲ. ಪದ್ಮನಾಭನಗರದಿಂದ ನೇರ ಬರುವವರಿಗೆ 2017ರಿಂದ ಬನಶಂಕರಿಯಲ್ಲಿ ಹಸಿರು ಮೆಟ್ರೊ ಇದೆ, ಕೆ.ಆರ್. ಮಾರುಕಟ್ಟೆಯಲ್ಲೋ ಚಿಕ್ಕಪೇಟೆಯಲ್ಲೋ ಇಳಿದು ನಡೆದರಾಯಿತು. ವಿಜ್ಞಾನದ ವಿದ್ಯಾರ್ಥಿಗಳು ಒಮ್ಮೆಯಾದರೂ ನೋಡಬೇಕಾದ ಬೀದಿಯಿದು. ರೆಸಿಸ್ಟರು, ಕೆಪಾಸಿಟರುಗಳನ್ನು ಸಾಸಿವೆ, ಜೀರಿಗೆಯಂತೆ ಡಬ್ಬಿಗಳಲ್ಲಿಟ್ಟು ಮಾರುತ್ತಾರೆ. ಟೀವಿ ಕೊಳ್ಳುವವರು ಇಲ್ಲಿ ತಿಳಿಯಬೇಕಾದದ್ದು ಬೆಲೆಗಿಂತ ರಿಪೇರಿಯ ಸಂಗತಿ. ಚಪ್ಪಟೆ ಟೀವಿಯ ಒಳಗಿರುವುದು ಮುಖ್ಯವಾಗಿ ನಾಲ್ಕು: ದ್ರವಸ್ಫಟಿಕದ ಪ್ಯಾನೆಲ್, ಅದರ ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗಳು, ವಿದ್ಯುತ್ ಹಲಗೆ, ಮುಖ್ಯ ಹಲಗೆ. ಎಲ್‌ಇಡಿ ಟೀವಿ ಎಂದು ಕರೆದರೂ ಚಿತ್ರ ಮೂಡಿಸುವುದು ದ್ರವಸ್ಫಟಿಕವೇ. ಎಲ್‌ಇಡಿ ಬರೀ ಹಿಂದಿನ ದೀಪ. ದೀಪದ ಪಟ್ಟಿ ಹೋದರೆ, ವಿದ್ಯುತ್ ಹಲಗೆ ಸುಟ್ಟರೆ ಸರಿಪಡಿಸಬಹುದು. ಪ್ಯಾನೆಲ್ ಒಡೆದರೆ ಮಾತ್ರ ಖರ್ಚು ಹೊಸ ಟೀವಿಯ ಸಮೀಪಕ್ಕೆ ಹೋಗುತ್ತದೆ. ಅದಕ್ಕೆ ಅಗ್ಗದ ಟೀವಿ ಕೊಳ್ಳುವಾಗ ಹೆಸರಿಗಿಂತ ಮೊದಲು ಕೇಳಬೇಕಾದ್ದು: ಗ್ಯಾರಂಟಿ ಪ್ಯಾನೆಲ್ಲಿಗೆ ಎಷ್ಟು ವರ್ಷ, ಸರ್ವಿಸ್ ಕೇಂದ್ರ ಬೆಂಗಳೂರಿನಲ್ಲಿ ಎಲ್ಲಿದೆ, ಮನೆಗೆ ಬಂದು ನೋಡುತ್ತಾರೆಯೆ ಅಥವಾ ಹೊತ್ತುಕೊಂಡು ಹೋಗಬೇಕೆ?

ಮೂರನೆಯ ಸುತ್ತು ಜಯನಗರ ನಾಲ್ಕನೇ ಬ್ಲಾಕು. ಹಿಂದೆ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವಿದ್ದ ವಾಣಿಜ್ಯ ಸಂಕೀರ್ಣದ ಸುತ್ತಮುತ್ತ ಇನ್ನೂ ಮಾಲೀಕರೇ ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಅಂಗಡಿಗಳಿವೆ. ಅಂಥದ್ದೊಂದರ ಹಿರಿಯರು ಮಗಳ ಕೋರಿಕೆಗೆ ನಕ್ಕು ಡಿಟಿಎಚ್ ಹಾಕಿಸಿದರು. “ಕೇಳಿದವರು ಕಮ್ಮಿ, ಅದಕ್ಕೆ ಹಾಕಲ್ಲಮ್ಮ” ಎಂದರು. ಅಲ್ಲಿ ಗಿಳಿಯ ಬದಲು ಕನ್ನಡ ವಾರ್ತೆ. ಮೂರು ಟೀವಿಗಳಲ್ಲಿ ಒಂದರ ಮುಖದ ಬಣ್ಣ ಅರಿಸಿನ ಹಚ್ಚಿದಂತಿತ್ತು. ಇನ್ನೊಂದನ್ನು ಬದಿಯಿಂದ ನೋಡಿದರೆ ಮಾಸಿದಂತೆ ಕಾಣುತ್ತಿತ್ತು. ಹಜಾರದಲ್ಲಿ ಒಬ್ಬರಾದರೂ ಬದಿಗೆ ಕೂರುವ ಮನೆಗೆ ಅದು ಆಗದು. ಧ್ವನಿಯನ್ನು ಯಾರೂ ಪರೀಕ್ಷಿಸುವುದಿಲ್ಲ. ತೆಳುವಾದ ಟೀವಿಗಳಲ್ಲಿ ಸ್ಪೀಕರು ಕೆಳಮುಖವಾಗಿರುತ್ತದೆ. ಮಾತು ತೊದಲಿದಂತೆ ಕೇಳಿಸುವುದುಂಟು. ತಾಯಿ ಕಣ್ಣು ಮುಚ್ಚಿಕೊಂಡು ವಾರ್ತೆ ಕೇಳಿ ಆರಿಸಿದ್ದು ಮೂರನೆಯದನ್ನು. ಹಳೆಯ ಡಿಟಿಎಚ್ ಡಬ್ಬಿಯ ಮೂರು ಬಣ್ಣದ ತಂತಿಗಳನ್ನು ಸಿಕ್ಕಿಸಲು ಅದರಲ್ಲಿ ಜಾಗವಿದೆಯೇ ಎಂದು ಮಗ ಹಿಂದೆ ಬಗ್ಗಿ ನೋಡಿದ.

ರಟ್ಟಿನ ಡಬ್ಬದ ಮೇಲಿನ ಉಳಿದ ಬಿರುದುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಗ್ಗದ ಟೀವಿಯ ಮೇಲೆ ‘ಎಚ್‌ಡಿಆರ್’ ಎಂದಿದ್ದರೂ ಅದನ್ನು ತೋರಿಸುವಷ್ಟು ಬೆಳಕು ಅದರಲ್ಲಿರುವುದು ಅಪರೂಪ. ಒಳಗಿನ ಆ್ಯಪ್‌ಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ, ಪ್ಯಾನೆಲ್ ಇನ್ನೂ ಗಟ್ಟಿಯಾಗಿರುತ್ತದೆ. ಆಗ ಕಿಂಡಿಗೆ ಸಿಕ್ಕಿಸುವ ಒಂದು ಕಡ್ಡಿ ಕೊಂಡರೆ ಸಾಕು. ಸ್ಟೆಬಿಲೈಸರ್ ಮಾರಲು ನೋಡುತ್ತಾರೆ. ಈಗಿನ ಬಹುತೇಕ ಟೀವಿಗಳ ವಿದ್ಯುತ್ ಹಲಗೆ 100ರಿಂದ 240 ವೋಲ್ಟಿನವರೆಗೆ ತಾನೇ ನಿಭಾಯಿಸುತ್ತದೆ (ಹಿಂಬದಿಯ ಚೀಟಿಯಲ್ಲಿ ಬರೆದಿರುತ್ತದೆ). ಸಿಡಿಲಿನ ಕಾಲಕ್ಕೆ ಪ್ಲಗ್ ಕೀಳುವ ಅಭ್ಯಾಸ ಒಳ್ಳೆಯದು. ‘ಬಡ್ಡಿಯಿಲ್ಲದ ಕಂತು’ ಎಂದರೆ ಕಿವಿ ನಿಮಿರಬೇಕು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಬಡ್ಡಿ ಎಲ್ಲೋ ಒಂದು ಕಡೆ, ಸಿಗದೆ ಹೋದ ರಿಯಾಯಿತಿಯಲ್ಲೋ ಶುಲ್ಕದಲ್ಲೋ ಕೂತಿರುತ್ತದೆ. ಅಂದು ಪೂರ್ತಿ ಹಣ ಕೊಡುತ್ತೇವೆಂದಾಗ ಹಿರಿಯರು ಏಳುನೂರು ಇಳಿಸಿದರು. ಫುಲ್ ಎಚ್‌ಡಿ, 43 ಇಂಚು, 20,800 ರೂಪಾಯಿ. ಜಿಎಸ್‌ಟಿ ಬಿಲ್ಲು ತೆಗೆದುಕೊಂಡರು. ಮುಂದೆ ತಕರಾರು ಬಂದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡುವಾಗ ಬೇಕಾಗುವುದು ಅದೇ. ಉಳಿದದ್ದು 4,200. ಕನ್ನಡಕಕ್ಕೆ 1,400 ಹೋಗಿ ಮಗಳ ಕೈಗೆ 2,800 ಬಂತು.

ಕೂರಿಸಲು ಬಂದ ಹುಡುಗ ಗೋಡೆಯಲ್ಲಿ ಆರಡಿ ಎತ್ತರಕ್ಕೆ ಗುರುತು ಹಾಕಿದ್ದ. ದೇವರ ಪಟದ ಎತ್ತರವದು. ಕೂತವರ ಕಣ್ಣು ನೆಲದಿಂದ ಮೂರೂವರೆ ಅಡಿಯಲ್ಲಿರುತ್ತದೆ. ಪರದೆಯ ನಡುಭಾಗ ಅದರ ಆಸುಪಾಸು ಇರಬೇಕು, ಇಲ್ಲವಾದರೆ ಕತ್ತು ನೋವು. ಗುರುತನ್ನು ಕೆಳಗಿಳಿಸಿದರು. ಬಾಲ್ಕನಿಯ ಬಿಸಿಲು ನೇರ ಬೀಳದ ಗೋಡೆಯನ್ನು ಮೊದಲೇ ನೋಡಿಟ್ಟಿದ್ದರು. ಬೆಳಕಿನ ಸ್ಥಿತಿಯನ್ನು ‘ವಿವಿಡ್’ನಿಂದ ‘ಸಿನಿಮಾ’ಕ್ಕೆ ತಂದರು, ಮುಖಗಳು ಮುಖದ ಬಣ್ಣಕ್ಕೆ ಬಂದವು, ವಿದ್ಯುತ್ತೂ ಉಳಿಯಿತು. ಇಂಥ ಟೀವಿ 80 ವ್ಯಾಟ್ ಎಂದಿಟ್ಟುಕೊಂಡರೆ ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 12 ಯೂನಿಟ್. ಹಳೆಯ 21 ಇಂಚಿನದೂ ಹೆಚ್ಚುಕಡಿಮೆ ಅಷ್ಟೇ ಕುಡಿಯುತ್ತಿತ್ತು, ತೋರಿಸುತ್ತಿದ್ದ ಚಿತ್ರ ಮಾತ್ರ ಕಾಲು ಭಾಗ.

ಉಳಿದದ್ದು ಹಳೆಯ ಡಬ್ಬಿ. ಗುಜರಿಯವನು ಇನ್ನೂರು ರೂಪಾಯಿ ಕೊಡುತ್ತೇನೆಂದು ಗೇಟಿನ ಬಳಿ ನಿಂತಿದ್ದ. ಅವನಿಗೆ ಬೇಕಾದದ್ದು ಒಳಗಿನ ತಾಮ್ರ. ಅದನ್ನು ತೆಗೆದುಕೊಂಡು ಉಳಿದದ್ದನ್ನು ಎಲ್ಲೋ ಒಡೆದು ಚೆಲ್ಲುತ್ತಾರೆ. ಆ ಪಿಕ್ಚರ್ ಟ್ಯೂಬಿನ ಹಿಂಭಾಗದ ಕೊಳವೆಯಾಕಾರದ ಗಾಜಿನಲ್ಲಿ ಸೀಸ ಬೆರೆತಿರುತ್ತದೆ. ಒಳಗೆ ಹುಟ್ಟುವ ಕ್ಷಕಿರಣವನ್ನು ತಡೆಯಲೆಂದೇ ಅದನ್ನು ಬೆರೆಸುತ್ತಿದ್ದರು. ಟ್ಯೂಬಿನ ಒಳಗೆ ನಿರ್ವಾತ. ಪೆಟ್ಟು ಬಿದ್ದರೆ ಗಾಜು ಒಳಮುಖವಾಗಿ ಕುಸಿದು ಚೂರುಗಳು ಹಾರುತ್ತವೆ. ಮಕ್ಕಳು ಅದರ ಹಿಂಬದಿಯ ಮುಚ್ಚಳ ಬಿಚ್ಚುವ ಸಾಹಸಕ್ಕೆ ಹೋಗಲೇಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ತು ನಿಂತಿರಬಹುದು. ಇ-ತ್ಯಾಜ್ಯದ ನಿಯಮಗಳು 2012ರಿಂದ ಜಾರಿಯಲ್ಲಿವೆ, ಅಧಿಕೃತವಾಗಿ ಒಡೆದು ಬೇರ್ಪಡಿಸುವ ಸಂಸ್ಥೆಗಳೂ ಬೆಂಗಳೂರಿನ ಸುತ್ತ ಇವೆ. ತಂದೆ ಗುಜರಿಯವನನ್ನು ಕಳುಹಿಸಿ ಅಂಥದ್ದೊಂದಕ್ಕೆ ಫೋನು ಮಾಡಿದರು. ಅವರು ದುಡ್ಡೇನೂ ಕೊಡಲಿಲ್ಲ, ಗಾಡಿ ತಂದು ರಸೀದಿ ಬರೆದುಕೊಟ್ಟರು. ಇಪ್ಪತ್ತು ಕಿಲೊ ದಾಟಿದ ಆ ಡಬ್ಬಿಯನ್ನು ಇಬ್ಬರು ಹಿಡಿದು, ಕಿರಿದಾದ ಮೆಟ್ಟಿಲಿನ ತಿರುವಿನಲ್ಲಿ ಎರಡು ಸಲ ಇಳಿಸಿ ಎತ್ತಿ, ಕೆಳಗೆ ತಂದರು.